ಬಡತನ ಹೋದ್ರೆ ದ್ವೇಷನೂ ಹೋಗುತ್ತಾ?

ಜಾತಿ ಗಲಾಟೆ, ಕೋಮು ಗಲಾಟೆ ಅಂತ ಸುದ್ದಿ ಬಂದಾಗೆಲ್ಲ ನಮ್ಮಂಥ ಆಫೀಸುಗಳಲ್ಲಿ ಒಂದು ಮಾತು ಬಂದೇ ಬರುತ್ತೆ. "ಇದೆಲ್ಲ ಬಡತನದಿಂದ ಆಗೋದು. ಆ ಕಡೆ ನಾಲ್ಕು ಫ್ಯಾಕ್ಟರಿ ಬರಲಿ, ಹುಡುಗರ ಕೈಗೆ ಕೆಲಸ ಸಿಗಲಿ, ತಾನಾಗೇ ಕಡಿಮೆ ಆಗುತ್ತೆ." ಕೇಳೋಕೆ ಹಿತವಾದ ಮಾತು. ಓದಿ, ಕೆಲಸ ಹಿಡಿದು, ಊರು ಬಿಟ್ಟು ಬಂದವರಿಗೆ ಅದು ತಮ್ಮದೇ ಕಥೆಯ ಹಾಗೆ ಕೇಳಿಸುತ್ತೆ.

ಆದರೆ "ಆ ಕಡೆ" ಅಂತ ಕೈ ತೋರಿಸೋ ಜಾಗದಿಂದಲೇ ಬಂದವನು ನಾನು. ಸೇಡಂ ಹತ್ತಿರದ ಹಳ್ಳಿ. ನಮ್ಮ ಕಡೆ ಫ್ಯಾಕ್ಟರಿ ಬಂದು ಭಾಳ ದಿನ ಆಯ್ತು. ಹಾಗಾಗಿ ಈ ಮಾತನ್ನ ಪರೀಕ್ಷೆ ಮಾಡಿ ನೋಡೋಕೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಿಂತ ಒಳ್ಳೆ ಜಾಗ ಸಿಗೋದು ಕಷ್ಟ.

ಮುಂಬೈಯಿಂದ ಹೊರಟ ರೈಲು ಮಾರ್ಗ ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದ್ ಕಡೆಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಶಹಾಬಾದ್ ಕಲ್ಲು ಹಾಸಿದ ಶಾಲೆ, ಕಚೇರಿ, ಪ್ಲಾಟ್‌ಫಾರ್ಮ್ ಮೇಲೆ ನೀವೂ ನಡೆದಿರ್ತೀರಿ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿ ಸೇರಿ ಎಸಿಸಿ ಆದಾಗ ಅದರಲ್ಲಿ ಶಹಾಬಾದ್ ಕಂಪನಿಯೂ ಇತ್ತು. ವಾಡಿಯ ಸಿಮೆಂಟ್ ಕಾರ್ಖಾನೆ ಶುರುವಾಗಿದ್ದು 1968ರಲ್ಲಿ. 1980ರ ದಶಕದಲ್ಲಿ ಮಳಖೇಡಕ್ಕೂ ಸೇಡಂಗೂ ದೊಡ್ಡ ಕಾರ್ಖಾನೆಗಳು ಬಂದವು. ಮಳಖೇಡ ಅಂದ್ರೆ ರಾಷ್ಟ್ರಕೂಟರ ಮಾನ್ಯಖೇಟ. ಇವುಗಳ ಪೈಕಿ ರೈಲಿಲ್ಲದ ಊರು ಚಿಂಚೋಳಿ ಒಂದೇ.

ಇಷ್ಟಾದ ಮೇಲೂ 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕು ಅಳೆದಾಗ "ಅತ್ಯಂತ ಹಿಂದುಳಿದ" 39ರ ಪಟ್ಟಿಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ವಾಡಿ, ಶಹಾಬಾದ್ ಆಗ ಚಿತ್ತಾಪುರ ತಾಲ್ಲೂಕಿನೊಳಗೇ. 2011ರ ಜನಗಣತಿ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ 65ರ ಆಸುಪಾಸು, ರಾಜ್ಯದ್ದು ಶೇ 75. ಜಿಲ್ಲೆಯ ಜನರಲ್ಲಿ ನಾಲ್ಕರಲ್ಲೊಬ್ಬರು ಪರಿಶಿಷ್ಟ ಜಾತಿಯವರು. ಒಂದು ಕಡೆ ನೂರು ವರ್ಷದ ಉದ್ಯಮ, ಇನ್ನೊಂದು ಕಡೆ ಹಿಂದುಳಿದಿರುವಿಕೆ, ಎರಡೂ ಒಂದೇ ಬಿಸಿಲಲ್ಲಿ. ಹಾಗಾದ್ರೆ ದ್ವೇಷದ ಅಪರಾಧದ ಲೆಕ್ಕ ಇಲ್ಲಿ ಏನು ಹೇಳುತ್ತೆ?

ಲೆಕ್ಕ ಅಂದ್ರೆ ಯಾವ ಲೆಕ್ಕ?

ಮೊದಲನೇ ತೊಡಕು ಇಲ್ಲೇ ಇದೆ. ಅಪರಾಧದ ರಾಷ್ಟ್ರೀಯ ಲೆಕ್ಕ ಪುಸ್ತಕ "ಕ್ರೈಮ್ ಇನ್ ಇಂಡಿಯಾ" 1953ರಿಂದ ಬರ್ತಾ ಇದೆ. ಅದರಲ್ಲಿ "ದ್ವೇಷದ ಅಪರಾಧ" ಅನ್ನೋ ಕಾಲಂ ಇಲ್ಲ. 2017ರ ಸಾಲಿಗೆ ಗುಂಪು ಹತ್ಯೆ, ದ್ವೇಷದ ಅಪರಾಧ ಅಂತ ಬೇರೆಯಾಗಿ ಮಾಹಿತಿ ಕೂಡಿಸಿದ್ದರು. ನಂಬೋ ಹಾಗಿಲ್ಲ ಅಂತ ಹೇಳಿ ಪ್ರಕಟಿಸಲಿಲ್ಲ, ಆಮೇಲೆ ಕೂಡಿಸೋದನ್ನೂ ಬಿಟ್ಟರು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಜಾತಿ, ಸಮುದಾಯ, ಭಾಷೆ ಇತ್ಯಾದಿ ಕಾರಣಕ್ಕೆ ಐದು ಅಥವಾ ಹೆಚ್ಚು ಮಂದಿ ಸೇರಿ ಕೊಲ್ಲೋದು ಮೊದಲ ಸಲ ಪ್ರತ್ಯೇಕ ಕಲಂ ಆಯ್ತು.

ನಮಗೆ ವರ್ಷಾವರ್ಷ ಸಿಗೋ ಗಟ್ಟಿ ಸಾಲು ಒಂದೇ: ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ. ಅದರ ಹಿಂದೆ ಒಂದು ಕಾನೂನಿನ ಸರಪಳಿ ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ಅದಕ್ಕೆ ನಾಗರಿಕ ಹಕ್ಕು ಸಂರಕ್ಷಣೆಯ ಹೊಸ ಹೆಸರು, ಆಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆ. ನಮ್ಮೂರ ಕಡೆ ಜನ "ಅಟ್ರಾಸಿಟಿ ಕೇಸು" ಅನ್ನೋದು ಇದನ್ನೇ. 2022ರಲ್ಲಿ ದೇಶದಲ್ಲಿ ಪರಿಶಿಷ್ಟ ಜಾತಿಯವರ ಮೇಲಿನ ಅಪರಾಧ 57,582. ಹಿಂದಿನ ವರ್ಷ 50,900.

ಸಾಫ್ಟ್‌ವೇರ್‌ನಲ್ಲಿರೋರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ. ಬಗ್ ಕಡಿಮೆ ರಿಪೋರ್ಟ್ ಆಗಿರೋ ಮಾಡ್ಯೂಲ್ ಅಂದ್ರೆ ಒಳ್ಳೆ ಮಾಡ್ಯೂಲ್ ಅಂತಲ್ಲ. ಯಾರೂ ಟೆಸ್ಟ್ ಮಾಡಿರದೇ ಇರಬಹುದು, ರಿಪೋರ್ಟ್ ಮಾಡಿದವನ ಮೇಲೆ ಮ್ಯಾನೇಜರ್ ಸಿಟ್ಟಾಗಿರಬಹುದು. ಪಶ್ಚಿಮ ಬಂಗಾಳದಲ್ಲಿ 2 ಕೋಟಿಗೂ ಹೆಚ್ಚು ಪರಿಶಿಷ್ಟ ಜಾತಿ ಜನ, ವರ್ಷಕ್ಕೆ ದಾಖಲಾಗೋ ಕೇಸು ನೂರರ ಆಸುಪಾಸು. ಕರ್ನಾಟಕದಲ್ಲಿ ಸುಮಾರು 1 ಕೋಟಿ ಜನ, ಕೇಸು ಸಾವಿರದ ಮೇಲೆ. ಇದನ್ನ ನೋಡಿ ಬಂಗಾಳದಲ್ಲಿ ಜಾತಿನೇ ಇಲ್ಲ ಅಂತ ತೀರ್ಮಾನಿಸಿದರೆ ಡೇಟಾ ಓದೋಕೆ ಬರಲ್ಲ ಅಂತ ಅರ್ಥ. ಠಾಣೆಗೆ ಹೋಗೋ ಧೈರ್ಯ, ಜೊತೆಗೆ ಬರೋ ಸಂಘಟನೆ, ಕಲಂ ಹಾಕೋಕೆ ಒಪ್ಪೋ ಪೊಲೀಸು, ಈ ಮೂರೂ ಕೂಡಿದಾಗ ಒಂದು ಕೇಸು ಹುಟ್ಟುತ್ತೆ.

ಗಡಿ ದಾಟಿದರೆ ಕಾಲಮ್ಮೇ ಬದಲಾಗುತ್ತೆ. ಚಿಂಚೋಳಿಯ ಕೊಂಚಾವರಂ ಕಾಡಿನ ಸುತ್ತ ಲಂಬಾಣಿ ತಾಂಡಾಗಳಿವೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ, ಕೆಲವೇ ಮೈಲಿ ಆಚೆ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅಣ್ಣನಿಗೆ ಈಚೆ ಹೊಡೆತ ಬಿದ್ದರೆ ಒಂದು ಪಟ್ಟಿ, ತಮ್ಮನಿಗೆ ಆಚೆ ಬಿದ್ದರೆ ಇನ್ನೊಂದು. ಅದೂ ಅಲ್ಲದೆ ಈ ಪುಸ್ತಕದಲ್ಲಿ ಅಂಕಿ ಜಿಲ್ಲೆಗೇ ನಿಂತುಬಿಡುತ್ತೆ. ಸೇಡಂನ ಒಣ ಹೊಲ, ವಾಡಿಯ ಕಾರ್ಮಿಕರ ಕಾಲೊನಿ, ಕಲಬುರಗಿಯ ಕೋರ್ಟ್ ರಸ್ತೆ ಎಲ್ಲ ಕಲಸಿ ಒಂದೇ ಸಂಖ್ಯೆ.

ಹಾಗಂತ ಕೈ ಚೆಲ್ಲಬೇಕಾಗಿಲ್ಲ. ಬಡತನಕ್ಕೂ ದ್ವೇಷಕ್ಕೂ ಏನು ನಂಟು ಅನ್ನೋದಕ್ಕೆ ನಮ್ಮ ಕಡೆಯ ಇತಿಹಾಸದಲ್ಲೇ ಒಂದು ದೊಡ್ಡ, ಕಹಿಯಾದ ಪುಟ ಇದೆ.

1948

ನಿಜಾಮರ ರಾಜ್ಯದ ನೆಲದಲ್ಲಿ ಸುಮಾರು ಶೇ 40 ಜಾಗೀರು, ಪಾಯಗಾ ಮತ್ತು ನಿಜಾಮರ ಸ್ವಂತ ಭೂಮಿ. ಸಾಲಕ್ಕೆ ಸಿಕ್ಕಿ ತಲೆಮಾರುಗಟ್ಟಲೆ ದುಡಿಯೋ ಪದ್ಧತಿಗೆ ಭಾಗೇಲಾ ಅಂತ ಹೆಸರು. ಅದನ್ನ ಹತೋಟಿಗೆ ತರೋಕೆ 1936ರಲ್ಲಿ ಸರ್ಕಾರವೇ ಕಾನೂನು ಮಾಡಬೇಕಾಯ್ತು ಅಂದ್ರೆ ಎಷ್ಟು ಹಬ್ಬಿರಬೇಕು ನೋಡಿ. 1947–48ರಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ಬೆಂಕಿ ಹಚ್ಚಿದರು, ಲೂಟಿ ಮಾಡಿದರು, ಕೊಂದರು. ಬೀದರ್ ಜಿಲ್ಲೆಯ ಗೋರಟಾ ಹತ್ಯಾಕಾಂಡ ಈಗಲೂ ಜನರ ಬಾಯಲ್ಲಿದೆ. ಆಮೇಲೆ ಚಿತ್ತಾಪುರದ ಶಾಸಕರೂ ಆಗಿದ್ದ ಮಲ್ಲಿಕಾರ್ಜುನ ಖರ್ಗೆ ಹುಟ್ಟಿದ್ದು ಅದೇ ಜಿಲ್ಲೆಯ ವರವಟ್ಟಿಯಲ್ಲಿ. ರಜಾಕಾರರು ಹಚ್ಚಿದ ಬೆಂಕಿಗೆ ಅವರ ತಾಯಿ, ಸಹೋದರಿ ಬಲಿಯಾದರು. ಬದುಕುಳಿದ ಅಪ್ಪ ಮಗ ಕಲಬುರಗಿಗೆ ಬಂದರು. ಅದು ಜಮೀನ್ದಾರರ ಮನೆಯಲ್ಲ, ಬಡ ದಲಿತ ಕುಟುಂಬ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ನಮ್ಮ ಶಾಲೆಗಳಲ್ಲಿ ಧ್ವಜ ಹಾರಿಸೋ ದಿನ ಅದು. ಕಥೆ ಪಾಠದಲ್ಲಿ ಅಲ್ಲಿಗೇ ಮುಗಿಯುತ್ತೆ. ಊರಲ್ಲಿ ಮುಗಿಯಲಿಲ್ಲ. ಸೇನೆ ಬಂದ ಹೊತ್ತಲ್ಲಿ ಮತ್ತು ಆಮೇಲೆ ಮುಸ್ಲಿಮರ ಮೇಲೆ ಸೇಡು ಶುರುವಾಯ್ತು. ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಅವರ ತಂಡ ಆ ವರ್ಷದ ಕೊನೆಗೆ ತಿರುಗಾಡಿ ವರದಿ ಕೊಟ್ಟಿತು. ರಾಜ್ಯದಲ್ಲಿ ಸತ್ತವರು ಕಡಿಮೆ ಅಂದರೂ 27 ಸಾವಿರದಿಂದ 40 ಸಾವಿರ ಅಂತ ಅದರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲ ಆ ಗುಲಬರ್ಗಾ ಜಿಲ್ಲೆಯೊಳಗೇ ಬರ್ತವೆ. ಆ ವರದಿ ಜನರ ಕಣ್ಣಿಗೆ ಬಿದ್ದಿದ್ದು 2013ರ ಹೊತ್ತಿಗೆ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ. ಅರವತ್ತೈದು ವರ್ಷ ಒಂದು ಡೇಟಾಸೆಟ್ ಬೀರುವಿನಲ್ಲಿತ್ತು.

"ಜಾಗೀರುದಾರರು ಹಿಂಡಿದ್ದರು, ಬಡವರು ತಿರುಗಿಬಿದ್ದರು" ಅಂತ ಇದನ್ನ ಬರೀ ಆರ್ಥಿಕ ಸಿಟ್ಟು ಅಂತ ವಿವರಿಸೋರು ಇದ್ದಾರೆ. ಸಿಟ್ಟಿಗೆ ಕಾರಣ ಇತ್ತು, ಸುಳ್ಳಲ್ಲ. ಆದರೆ ಜಾಗೀರು ಹೋಗಿದ್ದು 1949ರ ಆಗಸ್ಟಿನಲ್ಲಿ, ಕಾನೂನಿನಿಂದ, ಜಾಗೀರುದಾರರಿಗೆ ಪರಿಹಾರದ ಹಣ ಕೊಟ್ಟು. ಸೆಪ್ಟೆಂಬರಿನಲ್ಲಿ ಹೊಡೆತ ತಿಂದಿದ್ದು ಹಳ್ಳಿಯಲ್ಲಿ ಕೈಗೆ ಸಿಕ್ಕವರು. ಸುಂದರಲಾಲ್ ವರದಿ ಲಾತೂರಿನ ಬಗ್ಗೆ ಬರೆದಿರೋದನ್ನ ಓದಿ: ಮುಸ್ಲಿಂ ವ್ಯಾಪಾರಿಗಳು ಗಟ್ಟಿಯಾಗಿದ್ದ ಆ ಪೇಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಕೊಲೆ ನಡೀತು, ಸುಮಾರು ಹತ್ತು ಸಾವಿರ ಮುಸ್ಲಿಮರಲ್ಲಿ ಉಳಿದಿದ್ದವರು ಮೂರು ಸಾವಿರ. ಪೆಟ್ಟು ಜೋರಾಗಿ ಬಿದ್ದಿದ್ದು ಕಸಿದುಕೊಳ್ಳೋಕೆ ಅಂಗಡಿ, ಆಸ್ತಿ ಇದ್ದ ಊರಲ್ಲಿ. ಬಡತನ ಅಲ್ಲಿ ಮಾಡಿದ್ದೇನು ಅಂತ ಕೇಳೋ ಬದಲು, ಅಧಿಕಾರದ ತಕ್ಕಡಿ ತಿರುಗಿದ ಗಳಿಗೆ ಏನು ಮಾಡಿತು ಅಂತ ಕೇಳಿದ್ರೆ ಉತ್ತರ ಸಿಗುತ್ತೆ. ರಜಾಕಾರರಿಗೆ ಅದು ಕೈತಪ್ಪುತ್ತಿದೆ ಅನ್ನೋ ಭಯ, ಆಮೇಲಿನವರಿಗೆ ಕೈಗೆ ಬಂತು ಅನ್ನೋ ಅಮಲು.

ಹತ್ತಿಯ ಬೆಲೆ, ಕಿರಾಣಿ ಅಂಗಡಿ

ದ್ವೇಷವನ್ನ ಅಂಕಿಯಲ್ಲಿ ಅಳೆಯೋ ಕೆಲಸ ಹಳೇದು. ಅಮೆರಿಕದ ಪತ್ರಕರ್ತೆ ಐಡಾ ಬಿ. ವೆಲ್ಸ್ 1895ರಲ್ಲೇ ಕಪ್ಪು ಜನರ ಗುಂಪು ಹತ್ಯೆಗಳ ಲೆಕ್ಕ ಅಚ್ಚು ಹಾಕಿಸಿದರು. ಕಟ್ಟುಕಥೆ ಅಂತ ಯಾರೂ ಅನ್ನಬಾರದು ಅಂತ ಬಿಳಿಯರ ಪತ್ರಿಕೆಯಲ್ಲಿ ಬಂದ ಅಂಕಿಗಳನ್ನೇ ಬಳಸಿದರು. ಅವರನ್ನ ಈ ಕೆಲಸಕ್ಕೆ ಹಚ್ಚಿದ್ದು 1892ರಲ್ಲಿ ಮೆಂಫಿಸ್‌ನಲ್ಲಿ ನಡೆದ ಅವರ ಗೆಳೆಯ ಥಾಮಸ್ ಮಾಸ್ ಕೊಲೆ. ಮಾಸ್ ಮತ್ತು ಜೊತೆಗಾರರು ಒಂದು ಕಿರಾಣಿ ಅಂಗಡಿ ನಡೆಸ್ತಿದ್ದರು. ಹತ್ತಿರದ ಬಿಳಿ ವ್ಯಾಪಾರಿಯ ಗಿರಾಕಿಗಳು ಇವರ ಕಡೆ ಹೊರಳಿದ್ದರು.

1940ರಲ್ಲಿ ಹೋವ್ಲಂಡ್, ಸಿಯರ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1882ರಿಂದ 1930ರವರೆಗಿನ ಹತ್ತಿ ಬೆಳೆಯ ಮೌಲ್ಯ ಮತ್ತು ಗುಂಪು ಹತ್ಯೆ ಎರಡನ್ನೂ ಒಂದೇ ಗ್ರಾಫಿನಲ್ಲಿಟ್ಟು ನೋಡಿದರು. ಹತ್ತಿ ಇಳಿದಾಗ ಹತ್ಯೆ ಏರಿತ್ತು. ಹಸಿವಿನಿಂದ ಹತಾಶೆ, ಹತಾಶೆಯಿಂದ ಹಿಂಸೆ ಅನ್ನೋ ವಾದಕ್ಕೆ ದಶಕಗಟ್ಟಲೆ ಇದೇ ಆಧಾರವಾಯ್ತು. 1998ರಲ್ಲಿ ಗ್ರೀನ್, ಗ್ಲೇಸರ್, ರಿಚ್ ಎಂಬ ಮೂವರು ಅದೇ ಗ್ರಾಫನ್ನ 1930ರ ಮುಂದಕ್ಕೂ ಎಳೆದರು. ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಹತ್ಯೆ ವಿಪರೀತ ಏರಬೇಕಿತ್ತಲ್ವಾ? ಹಾಗಾಗಲಿಲ್ಲ, ನಂಟೇ ಸಡಿಲವಾಯ್ತು. ನ್ಯೂಯಾರ್ಕಿನ ದ್ವೇಷದ ಅಪರಾಧಗಳನ್ನ ನಿರುದ್ಯೋಗದ ಜೊತೆ ಹೋಲಿಸಿದರು, ಅಲ್ಲೂ ಗಟ್ಟಿ ನಂಟು ಸಿಗಲಿಲ್ಲ.

ಭಾರತದ ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು ಇನ್ನೂ ಇರಿಯೋ ಉತ್ತರ. ಅನಿರ್ಬಾನ್ ಮಿತ್ರ, ದೇವರಾಜ್ ರೇ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಾತಂತ್ರ್ಯಾನಂತರದ ಹಿಂದೂ–ಮುಸ್ಲಿಂ ಗಲಭೆಗಳನ್ನ ಮನೆಖರ್ಚಿನ ಸಮೀಕ್ಷೆಗಳ ಜೊತೆ ಇಟ್ಟು ನೋಡಿದರು. ಮುಸ್ಲಿಮರ ಖರ್ಚಿನ ಶಕ್ತಿ ಏರಿದ ಮೇಲೆ ಗಲಭೆ ಹೆಚ್ಚಿತು. ಹಿಂದೂಗಳ ಖರ್ಚಿನ ಶಕ್ತಿ ಏರಿದಾಗ ಹಾಗಾಗಲಿಲ್ಲ. ಸ್ಮೃತಿ ಶರ್ಮಾ 2015ರಲ್ಲಿ 2001ರಿಂದ 2010ರವರೆಗಿನ ಜಿಲ್ಲಾವಾರು ಜಾತಿ ಅಪರಾಧ ಹಿಡಿದು ನೋಡಿದರು. ದಲಿತ, ಆದಿವಾಸಿಗಳ ಖರ್ಚು ಮೇಲ್ಜಾತಿಯವರ ಖರ್ಚಿನ ಹತ್ತಿರ ಬಂದ ಕಡೆ ಅಪರಾಧ ಹೆಚ್ಚಿತ್ತು, ಅದರಲ್ಲೂ ಹಲ್ಲೆ, ಕೊಲೆಯಂಥ ಹಿಂಸೆ. ಅಂತರ ಹಿಗ್ಗಿದ ಕಡೆ ಕಡಿಮೆ.

ಈ ಅಂತರ ಎರಡು ತರ ಕುಗ್ಗುತ್ತೆ ಅನ್ನೋದನ್ನ ಗಮನಿಸಿ. ಕೆಳಗಿದ್ದವರು ಏರಬಹುದು, ಮೇಲಿದ್ದವರು ಜಾರಬಹುದು. ನಮ್ಮ ಕಡೆ ಎರಡೂ ಒಟ್ಟಿಗೇ ಆಗ್ತಿದೆ. ತೊಗರಿ ನಂಬಿದ ಒಣಬೇಸಾಯದ ರೈತನಿಗೆ ಒಂದು ವರ್ಷ ಮಳೆ ಇಲ್ಲ, ಇನ್ನೊಂದು ವರ್ಷ ರೇಟ್ ಇಲ್ಲ. ಹೆಸರಿಗೆ ಗೌಡಕಿ, ಕೈಯಲ್ಲಿ ಬ್ಯಾಂಕಿನ ನೋಟಿಸು. ಅದೇ ಊರಿನ ಕೇರಿಯ ಹುಡುಗ ಐಟಿಐ ಮಾಡಿ ಕಾರ್ಖಾನೆ ಸೇರ್ತಾನೆ, ತಾಂಡಾದವರು ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗಿ ರೊಕ್ಕ ತರ್ತಾರೆ. ಜೀತಕ್ಕೆ ಆಳು ಸಿಗಲ್ಲ, ಹಲಗೆ ಬಡಿಯೋಕೆ ಕರೆದರೆ ಬರಲ್ಲ. ಆಗ ಕಟ್ಟೆ ಮೇಲೆ ಕೂತವರ ಬಾಯಲ್ಲಿ ಬರೋ ಮಾತು ನಾನು ಚಿಕ್ಕಂದಿನಿಂದ ಕೇಳಿದ್ದೀನಿ: "ಈಗೇನಪ ಅವರದ್ದು ಭಾಳ ನಡದದ ಬಿಡು." ಆ ಮಾತು ಬಡವರ ಬಗ್ಗೆ ಯಾರೂ ಆಡಲ್ಲ. ಹೊಸ ಬೈಕ್ ತಗೊಂಡವರ ಬಗ್ಗೆ ಆಡ್ತಾರೆ.

ಸಿನಿಮಾ, ಚಹಾ, ಪಕ್ಕಾ ಮನೆ

ದೊಡ್ಡ ದೌರ್ಜನ್ಯಗಳ ಮೂಲ ಹುಡುಕಿದರೆ ಸಿಗೋದು ಸಣ್ಣ ವಿಷಯ. ಆಂಧ್ರದ ಕಾರಂಚೇಡುವಿನಲ್ಲಿ 1985ರಲ್ಲಿ ಕುಡಿಯೋ ನೀರಿನ ಕೆರೆ. ಚುಂಡೂರಿನಲ್ಲಿ 1991ರಲ್ಲಿ ಸಿನಿಮಾ ಟಾಕೀಸಿನಲ್ಲಿ ಕಾಲು ತಾಗಿದ ಜಗಳ. ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ಕ್ಕೆ ಒಂದೇ ಕುಟುಂಬದ ನಾಲ್ವರನ್ನ ಕೊಂದರು. ಸ್ವಂತ ಹೊಲ ಇದ್ದ, ಮಕ್ಕಳನ್ನ ಓದಿಸ್ತಿದ್ದ ದಲಿತ ಕುಟುಂಬ ಅದು. ನ್ಯಾಯಾಲಯ ಶಿಕ್ಷೆ ಕೊಟ್ಟಿತು, ಆದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಲಿಲ್ಲ. ಇಡೀ ದೇಶ ಜಾತಿ ಹತ್ಯೆ ಅಂತ ಕರೆದ ಪ್ರಕರಣ ತೀರ್ಪಿನ ಪ್ರಕಾರ ಜಾತಿ ದೌರ್ಜನ್ಯವೇ ಅಲ್ಲ.

ನಮ್ಮ ಕಲ್ಯಾಣ ಕರ್ನಾಟಕದ್ದೇ ಬೇಕಾದ್ರೆ ಕೊಪ್ಪಳ ಜಿಲ್ಲೆಯ ಮರಕುಂಬಿ ಇದೆ. ಹೋಟೆಲ್ಲು, ಕ್ಷೌರದಂಗಡಿಗೆ ಪ್ರವೇಶ ಕೇಳ್ತಿದ್ದ ದಲಿತರ ಕೇರಿಗೆ 2014ರ ಆಗಸ್ಟ್ 28ಕ್ಕೆ ಬೆಂಕಿ ಬಿತ್ತು. ಕಿಡಿ ಹೊತ್ತಿದ್ದು ಸಿನಿಮಾ ನೋಡೋಕೆ ಹೋದಾಗಿನ ಜಗಳದಿಂದ. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು. ಅದಕ್ಕೂ ಮೊದಲು ನಮ್ಮ ರಾಜ್ಯಕ್ಕೆ ನೆನಪಿದ್ದಿದ್ದು ಕಂಬಾಲಪಲ್ಲಿ: 2000ದ ಮಾರ್ಚ್ 11ರಂದು ಏಳು ದಲಿತರ ಸಜೀವ ದಹನ, 2006ರಲ್ಲಿ ಎಲ್ಲ ಆರೋಪಿಗಳ ಖುಲಾಸೆ.

ನೀರು, ಚಹಾ, ಸಿನಿಮಾ ಸೀಟು, ಮಕ್ಕಳ ಓದು. ಬಡವನನ್ನ ಬಡವನಾಗೇ ಇಡೋ ಜಗಳ ಇವು, ಸರಿಸಮ ಕೂತಿದ್ದಕ್ಕೆ ಹೊಡೆಯೋ ಹೊಡೆತ ಇವು. ಇದನ್ನ ಒಪ್ಪಿಕೊಂಡರೆ "ಅಭಿವೃದ್ಧಿ ಬಂದ್ರೆ ತಾನಾಗೇ ಸರಿಹೋಗುತ್ತೆ" ಅನ್ನೋದರಲ್ಲಿ "ತಾನಾಗೇ" ಅನ್ನೋ ಪದ ಕುಸಿದು ಬೀಳುತ್ತೆ. ಅಭಿವೃದ್ಧಿ ಬರ್ತಾ ಇರೋ ವರ್ಷಗಳೇ ಅಪಾಯದ ವರ್ಷಗಳು. 371(ಜೆ) ಬಂದ ಮೇಲೆ ನಮ್ಮ ಭಾಗದ ಹುಡುಗರಿಗೆ ಮೆಡಿಕಲ್, ಎಂಜಿನಿಯರಿಂಗ್ ಸೀಟು, ಸರ್ಕಾರಿ ನೌಕರಿ ಸಿಗ್ತಾ ಇವೆ. ಇನ್ನೂ ಸಿಗಬೇಕು. ಹಾಗೇ ಸಿಗ್ತಾ ಹೋದಂತೆ ಕೇರಿಯ ಹುಡುಗ ಊರ ಹೋಟೆಲಿನಲ್ಲಿ ಎಲ್ಲರ ಜೊತೆ ಕೂತು ಚಹಾ ಕುಡಿಯೋದನ್ನ ಕಾಯೋದಕ್ಕೆ ಪೊಲೀಸು, ಕೋರ್ಟು ಗಟ್ಟಿ ಇರಬೇಕು.

ಕಾಗದದ ಮೇಲೆ ಅವು ಇವೆ. ದೂರು ಬಂದ 60 ದಿನದಲ್ಲಿ ತನಿಖೆ ಮುಗಿಸಿ ಆರೋಪಪಟ್ಟಿ ಹಾಕಬೇಕು. ಆಮೇಲೆ ಆದಷ್ಟು ಎರಡು ತಿಂಗಳಲ್ಲಿ ವಿಚಾರಣೆ ಮುಗೀಬೇಕು. ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕರ್ನಾಟಕದಲ್ಲಿ 1974ರಿಂದ ನಾಗರಿಕ ಹಕ್ಕು ಜಾರಿಗೆ ಪ್ರತ್ಯೇಕ ಪೊಲೀಸ್ ವಿಭಾಗವೇ ಇದೆ. ಹೀಗಿದ್ದೂ ಈ ಕೇಸುಗಳಲ್ಲಿ ಶಿಕ್ಷೆಯ ಪ್ರಮಾಣ ಹಲವು ವರ್ಷ ಒಂದಂಕಿ ಶೇಕಡಾದಲ್ಲೇ ಇದೆ. "ಎಲ್ಲ ಸುಳ್ಳು ಕೇಸು, ಅದಕ್ಕೇ ಬಿದ್ದು ಹೋಗ್ತವೆ" ಅನ್ನೋರು ಮರಕುಂಬಿಯ ಹತ್ತು ವರ್ಷ ಲೆಕ್ಕ ಹಾಕಲಿ. ಸಾಕ್ಷಿ ಹೇಳೋನು ಹತ್ತು ವರ್ಷ ಅದೇ ಊರಲ್ಲಿ, ಆರೋಪಿಯ ಹೊಲದ ಪಕ್ಕ ಬದುಕಬೇಕು.

ಡೇಟಾ ಜೊತೆ ಕೆಲಸ ಮಾಡೋರು ನಮ್ಮಲ್ಲಿ ಸಾವಿರಾರು ಮಂದಿ. ಕಾಫಿ ಅಂಗಡಿಯ ರೇಟಿಂಗ್‌ಗೂ ಡ್ಯಾಶ್‌ಬೋರ್ಡ್ ಕಟ್ಟಿಡ್ತೀವಿ. ಶಹಾಬಾದ್ ಈಗ ಪ್ರತ್ಯೇಕ ತಾಲ್ಲೂಕು, ಅಲ್ಲಿ ವರ್ಷಕ್ಕೆ ಎಷ್ಟು ಅಟ್ರಾಸಿಟಿ ದೂರು ಬಂತು, ಎಷ್ಟಕ್ಕೆ 60 ದಿನದಲ್ಲಿ ಆರೋಪಪಟ್ಟಿ ಬಿತ್ತು, ಎಷ್ಟರಲ್ಲಿ ಸಾಕ್ಷಿ ತಿರುಗಿಬಿದ್ದರು, ಜಾಗೃತಿ ಸಮಿತಿ ಎಷ್ಟು ಸಲ ಸೇರಿತು ಅನ್ನೋ ನಾಲ್ಕು ಕಾಲಂ ತಾಲ್ಲೂಕುವಾರು ಯಾರು ಬೇಕಾದರೂ ನೋಡೋ ಹಾಗೆ ಇರಬೇಕು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದಾದ ಪ್ರಶ್ನೆಗಳು ಇವು. ಊರಿಗೆ ದೀಪಾವಳಿಗೆ ಹೋದವರು ಒಂದು ಅರ್ಜಿ ಹಾಕಿ ಬರಬಹುದು. ಯಾವುದಾದ್ರೂ ತಾಲ್ಲೂಕಿನ ಮುಂದೆ ಸೊನ್ನೆ ಬಂದರೆ ಖುಷಿಪಡೋ ಮೊದಲು, ಅಲ್ಲಿಯ ಠಾಣೆ ಮೆಟ್ಟಿಲು ಹತ್ತೋಕೆ ಯಾರಿಗೆಲ್ಲ ಧೈರ್ಯ ಇದೆ ಅಂತ ಕೇಳಿಕೊಂಡು ಬನ್ನಿ.